ಅರ್ಧ ಮೊನೆಯ ಬಾಣ

ಕಲಿಸಿದ ಗುರುಗಳಾದ ಜಿನ್ನಪ್ಪ ಸರ್ ಅವರಿಗೆ,

‘ಪೂಜ್ಯ’ ಎಂದು ಬರೆದು ಎರಡು ಹಾಳೆ ಹರಿದು ಹಾಕಿದೆ. ‘ಕಲಿಸಿದ’ ಎನ್ನುವುದರಲ್ಲಿ ಸುಳ್ಳಿಲ್ಲ, ಹಾಗಾಗಿ ಅದನ್ನು ಉಳಿಸಿಕೊಂಡಿದ್ದೇನೆ. ನೀವು ತೀರಿಕೊಂಡು ತಿಂಗಳ ಮೇಲಾಯಿತು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಗೋಕಾಕದ ಅರ್ಧ ಬಜಾರು ನನಗೆ ಬುದ್ಧಿ ಹೇಳಿದೆ. ಇದ್ದಾಗ ನೀವು ಎದುರಿಗೆ ನಿಲ್ಲಲೇ ಇಲ್ಲವಲ್ಲ ಸರ್? ಮತ್ತೆ ಆ ಸಿಟ್ಟನ್ನು ಯಾರ ಮೇಲೆ ಇಡಲಿ, ಬಸ್ ಸ್ಟ್ಯಾಂಡಿನ ಮೇಲೆಯೇ?

ಮೂಡಲಗಿಯ ಟೈಪಿಂಗ್ ಕ್ಲಾಸಿನ ಬಾಗಿಲಲ್ಲಿ ನೀವು ಮೊದಲ ಸಲ ನಿಂತ ದಿನ ಚೆನ್ನಾಗಿ ನೆನಪಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಂಪ್ಯೂಟರಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಮೇಲೆ ಊದುಬತ್ತಿ ಬೆಳಗುತ್ತಿದ್ದ ಕಾಲ. ಹಗಲೆಲ್ಲ ಜನರ ಅರ್ಜಿ ಟೈಪ್ ಮಾಡುತ್ತಿದ್ದ ನಾನು, ಬಿಡುವಾದಾಗ ಆ ಬಟ್ಟೆ ಸರಿಸಿ, ಪುಸ್ತಕ ನೋಡಿಕೊಂಡು ಪ್ರೋಗ್ರಾಮ್ ಬರೆಯುವುದನ್ನು ಒಬ್ಬಳೇ ಕಲಿತಿದ್ದೆ. ನೀವು ಹುಕ್ಕೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. ಹೆಂಡತಿಯ ತವರೂರಿಗೆ ಬಂದಾಗ ಪಾಠದ ನೋಟ್ಸ್ ಟೈಪ್ ಮಾಡಲು ಕೊಟ್ಟು ಹೋದಿರಿ. ಮರುದಿನ ಹಾಳೆಯ ಮೇಲೆ ಒಂದು ಕಡೆ ಪೆನ್ಸಿಲ್ ಗುರುತು ನೋಡಿ ಹುಬ್ಬು ಏರಿಸಿದಿರಿ.

“ಇದೇನ್ರಿ ಬಾಯಾರ?”

“ತಪ್ಪು ಐತ್ರಿ. ಮ್ಯಾಲೆ ತೆಗೆದ ಕಂಸ ಕೆಳಗ ಮುಚ್ಚಿಲ್ಲ.”

“ಏನ್ ಓದೀರಿ?”

“ಪಿಯುಸಿ ಫೇಲ್ ರಿ.”

“ಮತ್ತ ಇದು ಹ್ಯಾಂಗ ಸಿಕ್ತು?”

“ಮನ್ಯಾಗ ಡಬ್ಬಿ ಎಷ್ಟು, ಮುಚ್ಚಳ ಎಷ್ಟು ಅಂತ ಎಣಿಸಾಕಿ ನಾನ. ಇದು ಯಾವ ದೊಡ್ಡ ಮಾತ್ರಿ?”

ನೀವು ನಕ್ಕಿರಿ. ಪಿಯುಸಿ ಫೇಲಾದವಳ ಮಾತಿಗೆ ಓದಿದ ಮನುಷ್ಯನೊಬ್ಬ ಮನಸಾರೆ ನಕ್ಕದ್ದು ಅದೇ ಮೊದಲು. ಅಲ್ಲೇ ನಾನು ಕೆಟ್ಟೆ ಅನ್ನಿ.

ನನಗೆ ಪಾಠ ಹೇಳಲೆಂದು ಗೋಕಾಕದಲ್ಲಿ ನೀವು ಹಿಡಿದಿದ್ದ ಬಾಡಿಗೆ ಕೋಣೆಯ ರವಿವಾರಗಳು… ಅವನ್ನು ಬೈಯಲು ಇವತ್ತಿಗೂ ಬಾಯಿ ಬರುವುದಿಲ್ಲ. “ಕಂಪ್ಯೂಟರ್ ಬಂದ್ ಮಾಡು, ಮೊದ್ಲ ಹಾಳಿ ತಗಿ” ಎಂದು ಪಾಠ ಶುರುವಾಗುತ್ತಿತ್ತು. ಹಾಳೆಯ ಮೇಲ್ಗಡೆ ಸಾಲಾಗಿ ಚೌಕಗಳು, ಒಂದೊಂದರಲ್ಲಿ ಒಂದೊಂದು ಆಬ್ಜೆಕ್ಟಿನ, ಅಂದರೆ ಪ್ರೋಗ್ರಾಮಿನೊಳಗಿನ ಒಂದೊಂದು ಪಾತ್ರದ, ಹೆಸರು. ಪ್ರತಿ ಚೌಕದಿಂದ ಕೆಳಕ್ಕೆ ಇಳಿಯುವ ತುಂಡು ಗೆರೆ ಅದರ ಆಯುಷ್ಯ. ಒಂದರ ಗೆರೆಯಿಂದ ಇನ್ನೊಂದರ ಗೆರೆಗೆ ಹೋಗುವ ಬಾಣ ಎಂದರೆ ಮಾತು. ಮೇಲಿನ ಬಾಣ ಮೊದಲು ಆಡಿದ್ದು, ಕೆಳಗಿನದು ಆಮೇಲೆ ಆಡಿದ್ದು. ಇಂಟರಾಕ್ಷನ್ ಡಯಾಗ್ರಾಮ್ ಎಂದರೆ ಇಷ್ಟೇ ಎಂದಿರಿ.

“ಯಾರು ಯಾರಿಗೆ ಏನ್ ಅಂದ್ರು, ಯಾವಾಗ ಅಂದ್ರು. ನಿಮ್ಮ ಓಣಿ ಹೆಣ್ಮಕ್ಕಳು ನಳದ ಮುಂದ ದಿನಾ ಮಾಡೂದು ಇದನ್ನ, ಕಸ್ತೂರಿ.”

“ನಮ್ಮ ಓಣ್ಯಾಗ ಬಾಣ ವಾಪಸ್ಸೂ ಬರ್ತಾವ್ರಿ ಸರ್. ಜೋರಾಗೇ ಬರ್ತಾವ.”

“ಅದನ್ನೂ ಬಿಡಸೂದೈತಿ. ಮೊನಿ ನೋಡು ಇಲ್ಲಿ. ಪೂರಾ ತುಂಬಿದ್ರ, ಹೇಳಿದಾಂವ ಜವಾಬು ಬರೂತನಾ ನಿಂತಾನ ಅಂತ. ಅರ್ಧಾ ಇದ್ರ, ಹೇಳಿ ತನ್ನ ಕೆಲಸಕ್ಕ ಹೋದಾ ಅಂತ.”

ಅರ್ಧ ಮೊನೆ ಎಂದರೆ ಬಾಣದ ತುದಿಯಲ್ಲಿ ಒಂದೇ ಕಡೆಗೆ ಎಳೆದ ಸಣ್ಣ ಗೀಟು. ಎರಡಕ್ಕೂ ಇರುವ ಅಂತರ ಅಕ್ಕಿಕಾಳಿನಷ್ಟಿಲ್ಲ. ಆ ಅಕ್ಕಿಕಾಳಿನಷ್ಟು ಜಾಗದಲ್ಲಿ ನೀವು ನನ್ನ ಹೆಸರನ್ನು ಹೂಳುತ್ತೀರಿ ಎಂದು ನನಗೇನು ಗೊತ್ತು?

ಸಕ್ಕರೆ ಕಾರ್ಖಾನೆಯ ಕೆಲಸ ಹಿಡಿದುಕೊಂಡು ಬಂದವರು ನೀವೇ. ಯಾರ ಹೊಲದ ಕಬ್ಬನ್ನು ಯಾವ ದಿನ ಕಡಿಯಬೇಕು ಎಂದು ಕಾರ್ಖಾನೆ ಚೀಟಿ ಕೊಡುತ್ತದಲ್ಲ, ಆ ಚೀಟಿಯ ಕಾರಭಾರವನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು ಎಂದಿದ್ದರು. ಚಿತ್ರ ನಿಮ್ಮದು, ಅದನ್ನು ನೋಡಿ ಪ್ರೋಗ್ರಾಮ್ ಬರೆಯುವುದು ನನ್ನದು ಎಂದು ಮಾತಾಯಿತು. ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಇಂಡಿಯನ್ ಇಂಕಿನಲ್ಲಿ ನೀವು ಚೌಕ ಹಾಕಿದಿರಿ: ಚೀಟಿ, ಹೊಲ, ಕಬ್ಬು ಕಡಿಯುವ ಗ್ಯಾಂಗು, ಗಾಡಿ, ತೂಕದ ಕಾಟಾ. ನಿಮ್ಮ ಕೈ ಅಂದರೆ ಕೈ. ಪಟ್ಟಿ ಇಲ್ಲದೆ ಎಳೆದ ಗೆರೆಯೂ ದಾರ ಹಿಡಿದ ಹಾಗೆ. ಹೊಗಳಬೇಕಾದ್ದನ್ನು ಹೊಗಳಿಯೇ ಮುಂದೆ ಹೋಗುವವಳು ನಾನು, ಆಮೇಲೆ ಬಾಕಿ ಉಳಿಯಬಾರದು.

ಚೀಟಿಯಿಂದ ಗಾಡಿಗೆ ಹೋಗುವ ಬಾಣವನ್ನು ಎಳೆದ ಗಳಿಗೆ ಕಣ್ಣಿಗೆ ಕಟ್ಟಿದ ಹಾಗಿದೆ. ‘ಈ ಹೊಲಕ್ಕೆ ಬಾ’ ಎಂದು ಚೀಟಿ ಗಾಡಿಗೆ ಹೇಳುವ ಬಾಣ. ಅದರ ಕೆಳಗೆ, ‘ಕಡಿ’ ಎಂದು ಗ್ಯಾಂಗಿಗೆ ಹೇಳುವ ಬಾಣ.

“ಸರ್, ಗಾಡಿಗಿ ಅರ್ಧಾ ಮೊನಿ ಹಾಕೀರಲ್ರಿ? ಗಾಡಿ ಹೂಂ ಅನ್ನೂತನಾ ಚೀಟಿ ನಿಲ್ಲೂದಿಲ್ಲೇನ್ರಿ?”

“ದಿನಾ ನೂರಾರು ಚೀಟಿ ಹೊಂಡ್ತಾವ. ಒಂದೊಂದೂ ನಿಂತ್ರ ಮಷೀನ್ ನಿಂತಂಗ. ಹೇಳೂದು, ಮುಂದ ಹೋಗೂದು. ಗಾಡಿ ಬಂದs ಬರ್ತೈತಿ.”

“ಹಂಗಂತೀರಿ?”

“ಚಿತ್ರದಾಗ ಇದ್ದದ್ದು ಬರಿ, ಕಸ್ತೂರಿ. ನಿನ್ನ ಶಾಣ್ಯಾತನ ಬ್ರ್ಯಾಕೆಟಿಗಿ ಇಟ್ಕೋ.”

ನಾನು ಚಿತ್ರದಲ್ಲಿ ಇದ್ದದ್ದನ್ನು ಬರೆದೆ. ಚೀಟಿ ಹೇಳಿತು, ಕಾಯಲಿಲ್ಲ, ಗಾಡಿಯ ನಂಬರನ್ನು ತನ್ನ ಮೈಮೇಲೆ ಅಚ್ಚು ಹಾಕಿಕೊಂಡು ಹೊರಗೆ ಬಂತು. ಮೊದಲ ಚೀಟಿ ಪ್ರಿಂಟರಿನಿಂದ ಕರ್ ಕರ್ ಎಂದು ಇಳಿದಾಗ ಕಾರ್ಖಾನೆಯವರು ಪೇಡೆ ಹಂಚಿದರು. ‘ಇದು ನನ್ನ ಚಿತ್ರದ್ದು’ ಎಂದು ನೀವು ಎರಡು ಪೇಡೆ ತಿಂದಿರಿ.

ಮೇಲವಂಕಿಯ ನಮ್ಮ ಸಿದ್ದಪ್ಪ ಕಾಕಾನ ಹೊಲಕ್ಕೆ ಆ ಹಂಗಾಮಿನಲ್ಲಿ ಚೀಟಿ ಹೋಯಿತು. ಅಪ್ಪ ಹೋದಮೇಲೆ ನನ್ನನ್ನು ಸಾಕಿದ ಕಾಕಾ. ‘ನಮ್ಮ ಹುಡಿಗಿ ಮಾಡಿದ ಚೀಟಿ’ ಎಂದು ಅದನ್ನು ಊರೆಲ್ಲ ತೋರಿಸಿಕೊಂಡು ಬಂದಿದ್ದನಂತೆ. ಮರಾಠಿ ಸೀಮೆಯ ಬೀಡ್ ಕಡೆಯಿಂದ ಬಂದ ಗ್ಯಾಂಗು, ಅದರ ಮುಖ್ಯಸ್ಥ ಮುಕಾದಮ ದಗಡೂ. ಚೀಟಿ ನೋಡಿದವನೇ ಕುಡುಗೋಲು ಎತ್ತಿಸಿದ. ಸಂಜೆಯೊಳಗೆ ಹೊಲ ಪೂರಾ ಮಲಗಿತು. ಗಾಡಿ ಬರಲಿಲ್ಲ. ಅಚ್ಚು ಮುರಿದು ಎರಡು ದಿನದಿಂದ ಧುಪದಾಳದ ಹತ್ತಿರ ನಿಂತಿದ್ದ ಗಾಡಿ ಹೇಗೆ ಬಂದೀತು? ಕಡಿದ ಕಬ್ಬು ನಾಲ್ಕು ದಿನ ಬಿಸಿಲಿಗೆ ಬಿದ್ದು ಸೊರಗಿ, ಕೊನೆಗೆ ಬೇರೆ ಗಾಡಿಯಲ್ಲಿ ಹೋದರೆ, ಒಣಗಿದ ಕಬ್ಬು ಬೇಡವೆಂದು ಕಾರ್ಖಾನೆಯ ಗೇಟಿನಲ್ಲೇ ತಿರುಗಿಸಿ ಕಳಿಸಿದರು. ಕಾಕಾನದಷ್ಟೇ ಅಲ್ಲ, ಇನ್ನೂ ಇಬ್ಬರದು. ಕಾಕಾ ಆ ಕಬ್ಬನ್ನು ತಂದು ದನಗಳ ಮುಂದೆ ಹಾಕಿದ. ದನಗಳೂ ಮೂಸಿ ನೋಡಿ ಮುಖ ತಿರುಗಿಸಿದವು.

ದಗಡೂನನ್ನು ನಾನೇ ಹೋಗಿ ಕೇಳಿದ್ದೆ. ಅವನ ಅರೆ ಮರಾಠಿ ಕನ್ನಡ ಇನ್ನೂ ಕಿವಿಯಲ್ಲಿದೆ. “ಬಾಯೀ, ಹಳೇ ಚೀಟಿ ಮ್ಯಾಲೆ ಗಾಡಿ ನಂಬರ್ ಖಾಲಿ ಇರ್ತಿತ್ತು. ಗಾಡಿ ಹೊಲಕ್ಕ ಬಂದ ಮ್ಯಾಲೆ ಕಾರ್ಖಾನಿ ಸ್ಲಿಪ್ ಬಾಯ್ ಬರೀತಿದ್ದ. ನಂಬರ್ ಬಿತ್ತು ಅಂದ್ರ ಗಾಡಿ ಬಂತು. ಅಲ್ಲೀತನಾ ನಾವು ದೋನ್ ಸಾಲು ಕಡಿದು ಕುಂಡ್ರೂದು. ನಿಮ್ಮ ಮಷೀನ್ ಮೊದ್ಲs ನಂಬರ್ ಹಾಕ್ತು. ಮಷೀನ್ ಖೋಟಾ ಬೋಲ್ತಾ ಅಂತ ಯಾರಿಗಿ ಗೊತ್ತು?”

ಕಾರ್ಖಾನೆಯ ಮೀಟಿಂಗ್ ಹಾಲಿನಲ್ಲಿ ವಿಚಾರಣೆ ಕೂತ ದಿನ ನೀವು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿರಿ. ಮೇಜಿನ ಆಚೆ ಎಂ.ಡಿ. ಸಾಹೇಬರು, ಬಾಗಿಲ ಬಳಿ ಕಬ್ಬು ಕಳಕೊಂಡ ಮೂವರು, ಅವರಲ್ಲಿ ಕಾಕಾ. ನೀವು ಶೀಟಿನ ಸುರುಳಿ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಪೇಪರ್‌ವೇಟ್ ಇಟ್ಟಿರಿ.

“ನೋಡ್ರಿ ಸಾಹೇಬ್ರ, ಇಲ್ಲಿ ಪೂರಾ ಮೊನಿ ಐತಿ. ಗಾಡಿ ಹೂಂ ಅನ್ನೂತನಾ ಚೀಟಿ ಕಾಯಬೇಕು ಅಂತ ನಾ ಬಿಡಿಸೇನಿ. ಬರ್ದಾಕಿ ಸರಿಯಾಗಿ ನೋಡಿಲ್ಲ. ಕಲ್ತದ್ದು ಕಮ್ಮಿ, ಪಾಪ.”

ನಾನು ಬಗ್ಗಿ ನೋಡಿದೆ. ಮೊನೆ ತುಂಬಿತ್ತು. ಕಪ್ಪಗೆ, ಪೂರಾ. ಗೋಕಾಕದ ಬಜಾರಿನಲ್ಲಿ ಯಾರ ಜೊತೆಗಾದರೂ ಮಾತಿಗೆ ನಿಲ್ಲುವ ಕಸ್ತೂರಿಗೆ ಅವತ್ತು ಒಂದು ಅಕ್ಷರ ಹುಟ್ಟಲಿಲ್ಲ. ನೀವು ತುಂಬಿದ್ದೀರಿ ಎಂದು ನನಗೆ ಹೊಳೆಯಲೇ ಇಲ್ಲ ಸರ್. ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡೆ. ನಿಮ್ಮ ಮೇಲೆ ಅಷ್ಟು ನಂಬಿಕೆ ಇತ್ತು. ಅದಕ್ಕಿಂತ ದೊಡ್ಡ ಕಳವು ಯಾವುದಿದೆ, ಹೇಳಿ? ಹೆಸರು ಹೋದರೆ ಹೋಗಲಿ. ಒಬ್ಬಳ ಕಣ್ಣಿನ ಮೇಲೆ ಅವಳಿಗೇ ಅನುಮಾನ ಬರುವ ಹಾಗೆ ಮಾಡುವುದು… ‘ಪಾಪ’ ಎಂಬ ಆ ಒಂದು ಶಬ್ದ ಬೇರೆ. ಬೈದಿದ್ದರೆ ಮರೆಯುತ್ತಿದ್ದೆ.

ಬಾಡಿಗೆ ಕೋಣೆಗೆ ಮರಳಿ ನನ್ನ ಬರವಣಿಗೆಯ ವಹಿ ತೆಗೆದಾಗ ಗೊತ್ತಾಯಿತು. ‘ಗಾಡಿಗೆ ಅರ್ಧ ಮೊನೆ — ಸರ್ ಅವರನ್ನು ಕೇಳಿದೆ — ಹಾಗೇ ಇರಲಿ ಎಂದರು’ ಎಂದು ನನ್ನ ಕೈಯಲ್ಲೇ ಬರೆದಿತ್ತು. ಆದರೆ ನನ್ನ ವಹಿಯನ್ನು ನನ್ನ ಪರವಾಗಿ ಯಾರು ನಂಬುತ್ತಾರೆ? ಶೀಟು ಒಂದೇ, ಅದು ನಿಮ್ಮ ಬಗಲಲ್ಲಿ ಹುಕ್ಕೇರಿಗೆ ಹೋಗಿತ್ತು. ಕಾಕಾ ನನ್ನ ಹತ್ತಿರ ಮಾತು ಬಿಟ್ಟ. ಬಜಾರಿನ ಚಷ್ಮಾ ಅಂಗಡಿಯವನು ನಾನು ಕಂಡಾಗಲೆಲ್ಲ, “ಕಸ್ತೂರಕ್ಕಾ, ಮೊನಿ ಕಾಣೂವಂಥಾ ಹೊಸಾ ಕಾಚ ಬಂದಾವ ನೋಡು” ಎನ್ನುತ್ತಿದ್ದ. ನಾನು ಸ್ವಂತ ಕ್ಲಾಸು ತೆರೆದೆ. ಬಾಯಿಯ ಜೋರಿನ ಮೇಲೆ ಅದು ನಡೆಯಿತು. ಆದರೆ ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ಬಾಗಿಲಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಆ ತಡೆಯುವ ಗಳಿಗೆಗಳನ್ನೆಲ್ಲ ಎಣಿಸಿ ಇಟ್ಟಿದ್ದೇನೆ.

ಹುಕ್ಕೇರಿ ಬಸ್ಸಿನಲ್ಲಿ ಒಂದು ಸಲ ಸಿಕ್ಕಿದಿರಿ, ನಿಮಗೂ ಮರೆತಿರಲಿಕ್ಕಿಲ್ಲ. ಮುಂದಿನ ಸೀಟಿನಲ್ಲಿ ನೀವು, ಹಿಂದೆ ನಾನು, ಮಧ್ಯೆ ಯಾರದೋ ಕೋಳಿ ಬುಟ್ಟಿ.

“ಸರ್, ಮೊನಿ ಎಂದ ತುಂಬಿದ್ರಿ?”

ಬಸ್ಸೆಲ್ಲ ತಿರುಗಿ ನೋಡಿತು. ನೀವು ಕಿಟಕಿಯ ಕಡೆ ಮುಖ ಮಾಡಿ, “ನನ್ನ ಸ್ಟಾಪ್ ಬಂತು” ಎಂದು ಮೂರು ಸ್ಟಾಪ್ ಮೊದಲೇ ಇಳಿದಿರಿ. ಸುಡುವ ಬಿಸಿಲಲ್ಲಿ ಛತ್ರಿ ಇಲ್ಲದೆ ನಡೆಯುತ್ತಿದ್ದ ನಿಮ್ಮನ್ನು ಕಿಟಕಿಯಿಂದ ನೋಡುತ್ತ ಹೋದೆ. ಪಾಪ ಅನ್ನಿಸಲಿಲ್ಲ. ಆ ಶಬ್ದವನ್ನು ನೀವೇ ಖರ್ಚು ಮಾಡಿ ಮುಗಿಸಿದ್ದಿರಿ.

ನಿಮ್ಮ ಕಾಲೇಜಿನಲ್ಲಿ ಶ್ರದ್ಧಾಂಜಲಿ ಇಟ್ಟಿದ್ದೇವೆ, ಹಳೆಯ ಶಿಷ್ಯೆ ಎಂದು ನಾಲ್ಕು ಮಾತಾಡಬೇಕು ಎಂದು ಫೋನ್ ಬಂದಾಗ, ಹೋಗುವುದಿಲ್ಲ ಎಂದು ಇಟ್ಟುಬಿಟ್ಟೆ. ಆಮೇಲೆ ಹೋದೆ. ಹಾರ ಹಾಕಿದ ನಿಮ್ಮ ಫೋಟೋ. ಅದರ ಮೇಲೆ, ಗಾಜು ಹಾಕಿದ ಚೌಕಟ್ಟಿನಲ್ಲಿ, ಆ ಶೀಟು! ಆರು ವರ್ಷ ಅದನ್ನೇ ತೋರಿಸಿ ‘ಒಳ್ಳೆಯ ಚಿತ್ರ ಹೀಗಿರಬೇಕು’ ಎಂದು ಕಲಿಸಿದಿರಂತೆ. ನಿಮ್ಮ ಧೈರ್ಯಕ್ಕೆ ಏನೆನ್ನಲಿ? ಮಾತಾಡಲು ಎದ್ದು ನಿಂತೆ. ನಾಲ್ಕು ಒಳ್ಳೆಯ ಮಾತು ಹೇಳಿ ಇಳಿಯೋಣ ಎಂದೇ ನಿಂತೆ, ಖರೆ ಹೇಳುತ್ತೇನೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಮೇಡಂ, ನೀವು ಇದರ ಪ್ರೋಗ್ರಾಮ್ ಬರ್ದೀರಂತ. ಒಂದು ಕೇಳಲೇನ್ರಿ? ಎಲ್ಲಾ ಬಾಣ ಕರ್ರಗ ಅದಾವ, ಗಾಡಿ ಬಾಣದ ಮೊನಿ ಒಂದs ಯಾಕ ನೇರಳಿ ಬಣ್ಣ ಆಗೇತಿ? ಅದೂ ಅರ್ಧಾನs?”

ಇಂಡಿಯನ್ ಇಂಕು ಕಪ್ಪಗೇ ಉಳಿದಿತ್ತು. ಆಮೇಲೆ ತುಂಬಿದ ಪೆನ್ನಿನ ಶಾಯಿ ಆರು ವರ್ಷದಲ್ಲಿ ಬಣ್ಣ ಕಳೆದುಕೊಂಡು, ಅರ್ಧ ಮೊನೆ ಬೇರೆ, ಅರ್ಧ ಮೊನೆ ಬೇರೆ ಎಂದು ಗಾಜಿನ ಹಿಂದಿನಿಂದ ಸಾರುತ್ತಿತ್ತು. ಹೇಳಿದೆ ಸರ್. ಒಂದೂ ಬಿಡದೆ ಹೇಳಿದೆ. ನಿಮ್ಮ ಸಹೋದ್ಯೋಗಿಗಳು ಕೆಮ್ಮಿದರು. “ಈ ದಿನಾ ಇದು ಬೇಕಾಗಿತ್ತೇನ್ರಿ ಅಕ್ಕಾರ?” ಎಂದು ಒಬ್ಬರು ಮೈಕಿಗೆ ಕೈ ಹಾಕಿದರು. ಆಗ ಎದ್ದವರು ಯಾರು ಗೊತ್ತೇ? ನಿಮ್ಮ ಮನೆಯವರು, ಪದ್ಮಾವತಿ ಅಕ್ಕ.

“ಆಕೀಗಿ ಮಾತಾಡಾಕ ಬಿಡ್ರಿ,” ಎಂದರು. “ಮೀಟಿಂಗಿನ ಮುಂಜಾನೆ ಮಗನ ಪೆನ್ನು ಇಸ್ಕೊಂಡು ಪಡಸಾಲ್ಯಾಗ ಇದರ ಮುಂದ ಕುಂತಿದ್ರು. ಏನ್ ಮಾಡಾಕತ್ತೀರಿ ಅಂದೆ. ಮರ್ತಿದ್ದೆ, ತುಂಬಾಕತ್ತೇನಿ ಅಂದ್ರು. ಚಾ ಆರಿ ಹೋತು, ಕುಡೀಲಿಲ್ಲ. ಏನೋ ತಪ್ಪೈತಿ ಅಂತ ನನಗ ಅವತ್ತs ಗೊತ್ತಾಗಿತ್ತು. ಕೇಳ್ಲಿಲ್ಲ.” ಇಷ್ಟೇ ಹೇಳಿ ಕೂತರು. ಸಭೆಯಲ್ಲಿ ನಿಮಗಾಗಿ ಅತ್ತವರು ಅವರೊಬ್ಬರೇ, ಸುಳ್ಳು ಹೇಳದವರೂ ಅವರೊಬ್ಬರೇ.

ಮರುದಿನ ಮೇಲವಂಕಿಗೆ ಹೋಗುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಗೆದ್ದಿದ್ದೆನಲ್ಲ! ಕಾಕಾ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಆರು ವರ್ಷದಲ್ಲಿ ಮೊದಲ ಸಲ ಅವನೆದುರು ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮೊನೆ, ಶಾಯಿ, ಅಕ್ಕನ ಮಾತು. ಅವನ ಕೈ ನಿಲ್ಲಲಿಲ್ಲ.

“ಆ ಮಾಸ್ತರ ಹೊಲಸ ಮನಶ್ಯಾ. ಆತು. ಅಂವಾ ಕಬ್ಬು ಕಂಡಾಂವಲ್ಲ, ಹಾಳ್ಯಾಗ ಬಾಣಾ ಕಂಡಾಂವ. ನೀ ಎಲ್ಲಿ ಬೆಳದಾಕಿ?”

“ಇಲ್ಲೇ ಕಾಕಾ.”

“ಸಣ್ಣಾಕಿದ್ದಾಗ ರಸ್ತಾಕ ನಿಂತು, ಗಾಡಿ ಬಂತು ಗಾಡಿ ಬಂತು ಅಂತ ಹೊಲದ ತನಾ ಓಡಿ ಬಂದು ಹೇಳಾಕಿ ಯಾರು? ನೀ ಬಂದು ಹೇಳೂತನಾ ಗ್ಯಾಂಗು ಕುಡಗೋಲು ಮುಟ್ತಿತ್ತೇನ? ಖಾಲಿ ಚೀಟಿ ಮ್ಯಾಲೆ ನಂಬರ್ ಎಂದ ಬೀಳ್ತೈತಿ ಅಂತ ಅಂವಗ ಗೊತ್ತಿರ್ಲಿಲ್ಲ. ನಿನಗ?”

ನಾನು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ.

“ಒಂದs ಸಲ ಕೇಳಿ ಯಾಕ ಬಿಟ್ಟಿ, ಕಸ್ತೂರಿ?”

ಯಾಕೆ ಬಿಟ್ಟೆ? ನೀವು ‘ಶಾಣ್ಯಾತನ’ ಎಂದಿರಿ, ಆಗ ನನಗೆ ನಾಚಿಕೆಯಾಯಿತು. ಹೊಲದಲ್ಲಿ ಓಡಿದವಳು ಎಂದು ನಿಮ್ಮೆದುರು ಕಾಣಬಾರದು, ಚಿತ್ರ ಓದಬಲ್ಲವಳು ಎಂದು ಕಾಣಬೇಕು ಎಂಬ ಆಸೆ. ನನಗೆ ಗೊತ್ತಿದ್ದದ್ದನ್ನು ನಾನೇ ನುಂಗಿದೆ. ಮೊನೆ ತುಂಬಿದ್ದು ನಿಮ್ಮ ತಪ್ಪು, ಅದರಲ್ಲಿ ಪಾಲು ಕೊಡುವುದಿಲ್ಲ. ಕಬ್ಬು ಒಣಗಿದ್ದರಲ್ಲಿ ನನ್ನದೂ ಇದೆ. ಇದನ್ನು ಬರೆಯುವಾಗ ನಿಮ್ಮ ಮೇಲಿನ ಸಿಟ್ಟು ಒಂದು ಕೂದಲಿನಷ್ಟೂ ಇಳಿದಿಲ್ಲ; ಇಳಿದೀತು ಎಂದು ಅಲ್ಲಿ ಕಾಯುತ್ತ ಕೂರಬೇಡಿ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಕಾರ್ಖಾನೆಗೆ ಹೊಸ ಎಂ.ಡಿ. ಬಂದಿದ್ದಾರೆ. ಹುಕ್ಕೇರಿಯ ಸಭೆಯ ಮಾತು ಅಲ್ಲಿಗೂ ಮುಟ್ಟಿ, ಚೀಟಿಯ ಚಿತ್ರವನ್ನು ಹೊಸದಾಗಿ ಬಿಡಿಸಿಕೊಡಿ ಎಂದು ನನ್ನನ್ನೇ ಕರೆದರು. ಹಾಳೆಯ ಮುಂದೆ ಕೂರುವುದಿಲ್ಲ, ಮೊದಲು ಜನ ಬೇಕು ಎಂದೆ. ನಿನ್ನೆ ಮುಂಜಾನೆ ಕಾಕಾನ ಮನೆಯ ಅಂಗಳದಲ್ಲಿ, ಚಿತ್ರದ ಚೌಕಕ್ಕೊಬ್ಬರಂತೆ ಸೇರಿದೆವು. ದಗಡೂ ಗ್ಯಾಂಗು, ಕಾಟಾದ ಗುಮಾಸ್ತ ಕಾಟಾ, ನಾನು ಚೀಟಿ. ಗಾಡಿ ಯಾರಾಗಬೇಕು ಎಂದಾಗ ಕಾಕಾ ತಾನೇ ಎದ್ದು ಬಂದು ಅಂಗಳದ ಆಚೆ ತುದಿಗೆ ನಿಂತ. ಒಬ್ಬೊಬ್ಬರ ಕಾಲ ಬುಡದಿಂದ ಸುಣ್ಣದಲ್ಲಿ ಗೆರೆ ಎಳೆದೆವು. ಮಾತಾಡಿದ ಹಾಗೆಲ್ಲ ಬಾಣ.

“ಗಾಡಿ, ಮೇಲವಂಕಿ ಹೊಲಕ್ಕ ಬರ್ತೀಯೇನ?” ಎಂದು ಕೇಳಿದೆ.

ಕಾಕಾ ನನ್ನನ್ನೇ ನೋಡಿದ. ದಗಡೂ ಕುಡುಗೋಲು ಮಡಿಲಲ್ಲಿಟ್ಟು ಕುಕ್ಕರಗಾಲಲ್ಲಿ ಕೂತ. ಗುಮಾಸ್ತ ಆಕಳಿಸಿದ. ಬಿಸಿಲು ಏರುತ್ತಿತ್ತು.

“ಏನ್ ಕಾಕಾ, ಹೇಳು ಮತ್ತ,” ಎಂದ ದಗಡೂ ನಗುತ್ತ.

“ಆಕಿ ನಿಲ್ತಾಳ ಇಲ್ಲೋ ನೋಡೂಣು,” ಎಂದ ಕಾಕಾ.

ನಿಂತೆ ಸರ್. ಅವನು ಹೂಂ ಅನ್ನುವ ತನಕ ನಿಂತೆ. ಬಹಳ ಹೊತ್ತು ಹಿಡಿಯಿತು.

ನಿಮ್ಮ ಶಿಷ್ಯೆಯಾಗಿದ್ದ,
ಕಸ್ತೂರಿ